ಹಸಿರು ಒತ್ತಿದರೆ ಓಡುತ್ತದೆ

ದೇವಿರಮ್ಮನನ್ನು ನನ್ನ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿದರೆ ಒಂದು ಮೂಟೆ ಬೂಸದ ತೂಕವೂ ಬರುವುದಿಲ್ಲ. ಮಾಲು ಹಳೆಯದು, ಅರವತ್ತು ದಾಟಿದೆ. ಎಡ ಮಂಡಿ ಸವೆದಿದೆ, ಮುಂದಿನ ಎರಡು ಹಲ್ಲು ದಾಸ್ತಾನಿನಲ್ಲಿಲ್ಲ. ಹೊರಗಿನ ಪ್ಯಾಕಿಂಗ್ ಅಂತೂ ಯಾವ ಗಿರಾಕಿಯನ್ನೂ ಸೆಳೆಯುವಂಥದ್ದಲ್ಲ: ಬಣ್ಣ ಬಿಟ್ಟ ಸೀರೆ, ಅದರ ಮೇಲೆ ತೀರಿಹೋದ ಗಂಡನ ತುಂಬುತೋಳಿನ ಶರಟು. ಬಾಯಿಯೊಂದು ಮಾತ್ರ ಹೊಸದರಂತಿದೆ, ಅದರ ಗ್ಯಾರಂಟಿ ಇನ್ನೂ ಮುಗಿದಿಲ್ಲ. ಲಾಭವಿಲ್ಲದ ಸರಕು ಎಂದು ಮೊದಲ ನೋಟಕ್ಕೇ ಪಕ್ಕಕ್ಕಿಡಬಹುದು. ಹಾಗೆ ಪಕ್ಕಕ್ಕಿಟ್ಟವರು ಯಾರೂ ಉದ್ಧಾರವಾದದ್ದನ್ನು ನಾನು ಕಂಡಿಲ್ಲ.

ಹಿಂಡಿ ಕೊಳ್ಳಲು ಬಂದರೆ ಆಕೆ ಮೂಟೆಯ ಬಾಯಲ್ಲಿರುವುದನ್ನು ನೋಡುವುದೇ ಇಲ್ಲ. ಮೊಣಕೈವರೆಗೆ ಕೈ ಇಳಿಬಿಟ್ಟು ತಳದಿಂದ ಒಂದು ಹಿಡಿ ಎಳೆದು ಮೂಸುತ್ತಾಳೆ.

"ಮ್ಯಾಗ್ಲದು ನೀವು ತೋರ್ಸೋಕೆ ಮಡಗಿರೋದು ಸೆಟ್ಟ್ರೇ. ಅಸ ತಿನ್ನೋದು ತಳದ್ದು."

ಇಂಥ ಗಿರಾಕಿಗಳು ನಾಲ್ಕು ಜನ ಇದ್ದರೆ ಎಂಥ ವ್ಯಾಪಾರಿಯೂ ಪ್ರಾಮಾಣಿಕನಾಗಿಬಿಡುತ್ತಾನೆ. ನಮ್ಮ ಪುಣ್ಯಕ್ಕೆ ಒಬ್ಬಳೇ ಇದ್ದಾಳೆ.

ಬಾಗಿನಕಟ್ಟೆ ಊರು ದಿಣ್ಣೆಯ ಮೇಲಿದೆ. ಅದಕ್ಕೆ ಸೇರಿದ ಪುಟ್ಟ ಹಳ್ಳಿ ಕೊಪ್ಪಲು ನಾಲೆಯ ಈಚೆ, ಮಳವಳ್ಳಿಯಿಂದ ಹಲಗೂರಿಗೆ ಹೋಗುವ ರಸ್ತೆಯ ಬದಿಗೆ ಅಂಟಿಕೊಂಡಿದೆ. ಹಾಲಿನ ಸಂಘದ ದೊಡ್ಡ ಡೈರಿ ಮೇಲಿನ ಊರಲ್ಲಿ. ಕೊಪ್ಪಲಿನಲ್ಲಿ ಅದರದೇ ಒಂದು ಮರಿ ಡೈರಿ: ಒಂದು ಕೋಣೆ, ಶೀಟಿನ ಮಾಡು, ಹಾಲು ಅಳೆಯುವ ಒಂದು ಮೇಜು. ಅದರ ಎದುರಿಗೇ ನನ್ನ ಬೂಸ-ಹಿಂಡಿ ಅಂಗಡಿ. ಬೆಳಿಗ್ಗೆ ಸಂಜೆ ಹಾಲು ಅಳೆಸಿದವರು ರಸ್ತೆ ದಾಟಿ ನನ್ನಲ್ಲಿಗೆ ಬರುತ್ತಾರೆ. ಡೈರಿ ಮುಚ್ಚಿದರೆ ನನ್ನ ಅಂಗಡಿಗೆ ತಿಥಿ ಊಟ ಹಾಕಿಸುವುದಷ್ಟೇ ಬಾಕಿ.

ಸಂಘದ ಅಧ್ಯಕ್ಷ ಶಿವರಾಜು ಅದನ್ನು ಮುಚ್ಚಲು ಹೊರಟಿದ್ದ. ಎರಡು ಕಡೆ ಖರ್ಚು ಯಾಕೆ ಎಂಬುದು ಅವನ ವಾದ. ರಸ್ತೆ ಅಗಲವಾದ ಮೇಲೆ ಆ ಶೀಟಿನ ಕೋಣೆಯ ಜಾಗಕ್ಕೆ ಬೆಲೆ ಬಂದದ್ದೂ, ಅವನ ಬಾಮೈದ ಸ್ವಾಮಿಗೆ ಡಾಬಾ ಹಾಕುವ ಆಸೆ ಹುಟ್ಟಿದ್ದೂ ಒಂದೇ ಸಮಯಕ್ಕೆ ಆದದ್ದು ದೈವೇಚ್ಛೆ ಇರಬೇಕು.

ದೇವಿರಮ್ಮನ ಲೆಕ್ಕ ಬೇರೆ. ಕೊಪ್ಪಲಿನಲ್ಲಿ ಹಾಲು ತಂದು ಅಳೆಸುವವರು ಹೆಂಗಸರು. ಮನೆಯಿಂದ ಕೂಗಳತೆ, ಚೊಂಬಿನಲ್ಲೇ ತರಬಹುದು. ಮೇಲಿನ ಊರಿಗೆ ಹೋಗಬೇಕೆಂದರೆ ನಾಲೆ ದಾಟಿ ದಿಣ್ಣೆ ಹತ್ತಬೇಕು. ಅದು ಬೈಕಿನ ಕೆಲಸ, ಬೈಕು ಗಂಡಸರದು. ಆಕೆಯ ಮಗ ಪುಟ್ಟರಾಜುವಿಗೂ ಒಂದು ಬೈಕಿದೆ. "ನಾನೇ ಓಯ್ತೀನಿ ಬುಡವ್ವ, ನಿಂಗ್ಯಾಕೆ ತೊಂದ್ರೆ" ಎಂದು ಅವನು ಪ್ರೀತಿಯಿಂದ ಹೇಳಿದ ದಿನವೇ ಆಕೆಗೆ ನಿದ್ದೆ ಹಾರಿದ್ದು.

"ಆಲು ಯಾರ್ ಕೈಲಿ ಓಯ್ತದೋ ದುಡ್ಡು ಅವ್ರ ಕೈಗೇ ಬತ್ತದೆ ಕಣಮ್ಮ" ಎಂದು ಆಕೆ ನನ್ನ ಅಂಗಡಿ ಮುಂದೆ ನಿಂತು ಪಕ್ಕದ ಮನೆಯ ಸೋಮಮ್ಮನಿಗೆ ಹೇಳುತ್ತಿದ್ದಳು. "ಇವತ್ತು ಕ್ಯಾನು ಕೊಡು. ನಾಳೆ ಸಂಘದಲ್ಲಿ ಅವನ ಎಸ್ರು ಕುಂತ್ಕತದೆ. ನಾಡಿದ್ದು ಒಂದು ರವಿಕೆ ಬಟ್ಟೆಗೆ ಅವನ ಮುಂದೆ ಕೈ ಚಾಚು. ಸಗಣಿ ಬಾಚೋಕೆ ಮಾತ್ರ ನೀನು."

ಈ ಜಗಳಕ್ಕೆ ಮತಯಂತ್ರ ಹೇಗೆ ಬಂತು ಎಂಬುದನ್ನು ಹೇಳಬೇಕು. ಅದನ್ನು ತರಿಸಿದವಳು ದೇವಿರಮ್ಮನೇ.

ಹಿಂದಿನ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಯಾವುದೋ ವಿಷಯಕ್ಕೆ ಕೈ ಎತ್ತಿ ಎಂದಿದ್ದರು. ಸೋಮಮ್ಮ ಕೈ ಎತ್ತಿದಳು. ಹಿಂದಿನ ಸಾಲಿನಲ್ಲಿದ್ದ ಆಕೆಯ ಗಂಡ ಬೋರಯ್ಯ ಮುಂದಕ್ಕೆ ಬಗ್ಗಿ, ಒಣಗಲು ಹಾಕಿದ ಬಟ್ಟೆ ಎಳೆದುಕೊಳ್ಳುವಂತೆ ಆ ಕೈಯನ್ನು ಕೆಳಗೆಳೆದ. ದೇವಿರಮ್ಮ ಎದ್ದು ನಿಂತಳು.

"ಲೋ ಸಿವರಾಜ, ಕೈ ಎತ್ತೋಕೂ ಗಂಡನ ಅಪ್ಪಣೆ ಬೇಕು ಅಂದ್ರೆ ಗಂಡಸ್ರನ್ನೇ ಕರ್ದು ಸಭೆ ಮಾಡ್ಕೊ. ಇಲ್ಲ, ಕೈ ಕಾಣದಂಗೆ ಓಟು ಆಕೋ ಮಿಷನ್ ತರ್ಸು. ಮಂಡ್ಯದಾಗೆ ದೊಡ್ಡ ದೊಡ್ಡ ಸಂಘದೋರು ಒತ್ತಾರಂತೆ."

ಶಿವರಾಜು ಆಕೆಯನ್ನು ಚಿಕ್ಕವ್ವ ಎನ್ನುತ್ತಾನೆ, ವರಸೆಯಲ್ಲಿ ಹಾಗೇ ಆಗಬೇಕು. "ತರ್ಸೋಣ ಬುಡು ಚಿಕ್ಕವ್ವ" ಎಂದ. ತಾಲ್ಲೂಕಿನಲ್ಲೇ ಮೊದಲು ಅನ್ನಿಸಿಕೊಳ್ಳುವ ಚಪಲ ಬೇರೆ. ಈ ವರ್ಷ ನಿಜವಾಗಿಯೂ ತರಿಸಿದ.

ಯಂತ್ರ ಬರುವ ಸುದ್ದಿ ತಿಳಿದದ್ದೇ ದೇವಿರಮ್ಮ ಕೊಪ್ಪಲಿನ ಮನೆಮನೆಗೂ ನುಗ್ಗಿದಳು. ಟಿವಿ ರಿಮೋಟಿನಂಥದ್ದು ಒಬ್ಬೊಬ್ಬರಿಗೂ ಒಂದೊಂದು ಕೊಡುತ್ತಾರೆ, ಅದರಲ್ಲಿ ಎರಡೇ ಗುಂಡಿ, ಒಂದು ಹಸಿರು, ಒಂದು ಕೆಂಪು, ಇಷ್ಟನ್ನು ತಿಳಿದುಕೊಂಡಿದ್ದಳು. ಉಳಿದದ್ದನ್ನು ತಾನೇ ಕೂಡಿಸಿದಳು. ನಮ್ಮ ಕಡೆ ಹುಟ್ಟಿದ ಮಗುವಿಗೂ ಗೊತ್ತಿರುವ ಯಂತ್ರವೆಂದರೆ ಪಂಪುಸೆಟ್ಟಿನ ಸ್ಟಾರ್ಟರು. ಹಸಿರು ಒತ್ತಿದರೆ ಮೋಟರು ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಕಬ್ಬಿನ ಗದ್ದೆಗೆ ನೀರು ಕಟ್ಟುವವನ ಹೆಬ್ಬೆರಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

"ಅಸ್ರು ಒತ್ತಿ, ಡೈರಿ ಓಡ್ತದೆ. ಕೆಂಪು ಒತ್ತುದ್ರೆ ನಿಂತೋಯ್ತದೆ. ಮೋಟ್ರು ಇದ್ದಂಗೆ ಕಣಮ್ಮ, ಅಷ್ಟೇಯ."

ಇಷ್ಟು ಚಿಕ್ಕದಾಗಿ, ಇಷ್ಟು ಚೊಕ್ಕವಾಗಿ ಯಾವ ಪಾರ್ಟಿಯೂ ಪ್ರಚಾರ ಮಾಡಿದ್ದನ್ನು ನಾನು ಕಂಡಿಲ್ಲ. ಮಕ್ಕಳು ಅದನ್ನು ಬೀದಿಯಲ್ಲಿ ಕೂಗಿಕೊಂಡು ಓಡಾಡಿದರು. ಕೊಪ್ಪಲಿನಲ್ಲಿ ಕೂಗಿದ್ದು ದಿಣ್ಣೆಯ ಮೇಲಕ್ಕೂ ಕೇಳುತ್ತದೆ. ಶಿವರಾಜುವಿಗೆ ಕಿವಿ ಚೆನ್ನಾಗಿಯೇ ಇದೆ.

ಸಭೆ ಮೇಲಿನ ಊರಿನಲ್ಲಿ, ಸಂಘದ ಹೊಸ ಕಟ್ಟಡದ ಮಹಡಿಯಲ್ಲಿ ನಡೆಯಿತು. ನಾನು ಸದಸ್ಯನಲ್ಲ. ನನ್ನ ಮನೆಯಲ್ಲಿ ಹಸುವಿಲ್ಲ, ಹಸುವಿನ ಮೇವು ಮಾತ್ರ ಇದೆ. ಊಟಕ್ಕೆ ಮೈಸೂರುಪಾಕು ಕೊಡಿಸಿದ ದಾನಿ ಎಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನನ್ನ ಅಂಗಡಿಯ ಹಣೆಬರಹ ತೀರ್ಮಾನವಾಗುವ ಸಭೆಯಲ್ಲಿ ನನಗೆ ಓಟಿಲ್ಲ, ಹಾರ ಉಂಟು.

ಮಂಡ್ಯದಿಂದ ಅಭಿನವ್ ಎಂಬ ಹುಡುಗ ಯಂತ್ರ ತಂದಿದ್ದ. ಸೌಮ್ಯ ಸ್ವಭಾವ, ಕನ್ನಡಕ, ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುವ ಅಭ್ಯಾಸ; ನಮ್ಮ ಕಡೆ ಅಂಥವರನ್ನು ಕಂಡರೆ ಜನಕ್ಕೆ ಅನುಮಾನ. ರಿಮೋಟು ಹಂಚಿ, ಗೋಡೆಯ ಮೇಲೆ ಪರದೆ ಇಳಿಬಿಟ್ಟು, "ಮೊದಲು ಸುಮ್ಮನೆ ಒಂದು ಪರೀಕ್ಷೆ ಮಾಡೋಣ. ಕಾಫಿ ಇಷ್ಟವೋ ಅಂತ ಕೇಳ್ತೀನಿ, ನೀವು ಒತ್ತಿ ನೋಡಿ" ಎಂದ.

"ಕಾಪಿ ಟೀ ಎಲ್ಲ ಆಮೇಲೆ ಕಣಪ್ಪ. ಅನ್ನ ಆರೋಯ್ತದೆ, ಸುರು ಮಾಡು" ಎಂದ ಶಿವರಾಜು.

ಪರೀಕ್ಷೆ ಅಲ್ಲಿಗೆ ಮುಗಿಯಿತು. ಶಿವರಾಜು ಮೈಕು ಹಿಡಿದು ಓದಿದ: "ಆರ್ಥಿಕ ಮಿತವ್ಯಯದ ದೃಷ್ಟಿಯಿಂದ ಕೊಪ್ಪಲಿನ ಉಪಸಂಗ್ರಹಣಾ ಕೇಂದ್ರದ ಕಾರ್ಯನಿರ್ವಹಣೆಯನ್ನು ಸ್ಥಗಿತಗೊಳಿಸಿ ಮುಖ್ಯ ಕೇಂದ್ರದೊಂದಿಗೆ ವಿಲೀನಗೊಳಿಸುವ ವಿಷಯ." ಉಸಿರು ತೆಗೆದುಕೊಂಡು ತನ್ನ ಸ್ವಂತ ಕನ್ನಡಕ್ಕೆ ಇಳಿದ. "ಅಂದ್ರೆ, ಕೊಪ್ಪಲ ಡೈರಿ ವಿಚಾರ. ಎಲ್ಲ ಗೊತ್ತಿರೋದೇಯ. ಒತ್ರಪ್ಪ."

ಹಾಲು ಹಾಕುವ ಜನರ ಸಂಘದಲ್ಲಿ ಹಾಲು ಎಂಬ ಒಂದು ಮಾತೂ ಇಲ್ಲದ ಆ ವಾಕ್ಯವನ್ನು ಬರೆದವನ ಬೆರಳುಗಳನ್ನು ನಾನು ಒಮ್ಮೆ ನೋಡಬೇಕು. ಓದು ಬಾರದವರಿಗೆ ಮೋಸ ಮಾಡಲು ಹಿಂದೆ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಈಗ ಗುಂಡಿ ಒತ್ತಿಸುತ್ತಾರೆ. ಬೆರಳು ಅದೇ.

ಎಲ್ಲರೂ ಒತ್ತಿದರು. ಕೆಲವರು ಮೋಟರು ಹಿಡಿದುಕೊಳ್ಳಲಿ ಎಂಬಂತೆ ಸ್ವಲ್ಪ ಹೊತ್ತು ಅದುಮಿಯೇ ಹಿಡಿದರು. ಪರದೆಯ ಮೇಲೆ ಹಸಿರು ಗೆರೆ ಏರಿತು, ಏರಿತು, ಮೇಲಿನ ಅಂಚು ಮುಟ್ಟಿತು. ಕೆಂಪು ಗೆರೆ ನೆಲ ಬಿಟ್ಟು ಏಳಲೇ ಇಲ್ಲ. ಕೊಪ್ಪಲಿನವರು ಶಿಳ್ಳೆ ಹೊಡೆದರು. ಸೋಮಮ್ಮ ದೇವಿರಮ್ಮನ ತೋಳು ಹಿಡಿದು ಅಲ್ಲಾಡಿಸಿದಳು. ಮಂಡಿ ನೋವಿನ ದೇವಿರಮ್ಮ ಬೆಂಚಿನಿಂದ ಎದ್ದೇ ನಿಂತಿದ್ದಳು.

ಶಿವರಾಜು ಕೈ ಮುಗಿದ. "ಒಬ್ರೂ ಅಡ್ಡ ಮಾತಾಡದಂಗೆ ಕೊಪ್ಪಲ ಡೈರಿ ಮುಚ್ಚೋಕೆ ಒಪ್ಪಿಗೆ ಕೊಟ್ಟಿದ್ದೀರಿ. ನಿಮ್ಮ ದೊಡ್ಡ ಮನಸ್ಸಿಗೆ ಸಂಘ ಚಿರಋಣಿ."

ಶಿಳ್ಳೆಗಳು ಬಾಯಲ್ಲೇ ಉಳಿದವು.

"ಮುಚ್ಚೋಕಾ?" ಎಂದಳು ದೇವಿರಮ್ಮ. "ಯಾವೋನ್ಲಾ ಮುಚ್ಚು ಅಂದೋನು?"

"ನೀನೇ ಕಣ್ ಚಿಕ್ಕವ್ವ. ಮುಚ್ಬೇಕು ಅನ್ನೋರು ಅಸ್ರು. ನಿಮ್ಮೋರೆಲ್ಲ ಅಸ್ರೇ ಒತ್ತವ್ರೆ. ನೀನೇನು ಒತ್ದೆ, ಏಳು ಮತ್ತೆ?"

"ಅಸ್ರೇ ಒತ್ದೆ. ಓಡ್ಲಿ ಅಂತ ಒತ್ದೆ!"

"ಒತ್ದಲ್ಲ, ಮುಗೀತು. ಮಿಷನ್ ಸುಳ್ಳೇಳಾಕಿಲ್ಲ."

ನಾನು ಬದುಕೆಲ್ಲ ತಕ್ಕಡಿ ಹಿಡಿದವನು. ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂದು ಯಾವ ವ್ಯಾಪಾರಿ ಗಟ್ಟಿಯಾಗಿ ಕೂಗುತ್ತಾನೋ, ಅವನ ಹೆಬ್ಬೆರಳು ಎಲ್ಲಿದೆ ನೋಡಿಕೊಳ್ಳಿ.

ಪಾಪ, ಅಭಿನವ್‌ಗೆ ಈ ನೆಲದ ನೀರು ಗೊತ್ತಿಲ್ಲ. ಸಹಾಯ ಮಾಡುತ್ತಿದ್ದೇನೆ ಎಂದೇ ಅವನು ಬಾಯಿ ಬಿಟ್ಟ. "ಸರ್, ಮೊದಲು ಕಳಿಸಿದ್ದ ಪ್ರಶ್ನೆ 'ಕೇಂದ್ರ ಮುಂದುವರಿಯಬೇಕೇ' ಅಂತಲೇ ಇತ್ತು. ನೀವೇ ಬೆಳಿಗ್ಗೆ ಫೋನ್ ಮಾಡಿ ತಿರುಗಿಸಿ ಹಾಕಿ ಅಂದ್ರಲ್ಲ."

ಮಹಡಿಯಲ್ಲಿ ಎಲ್ಲರೂ ಒಟ್ಟಿಗೆ ಕೂಗತೊಡಗಿದರು. ಕುರ್ಚಿಯೊಂದು ಮಗುಚಿತು. ಬೋರಯ್ಯ, ಹೆಂಡತಿಯ ಕೈ ಎಳೆದ ಅದೇ ಬೋರಯ್ಯ, "ಓಟು ವಾಪಸ್ ಕೊಡ್ರಲಾ" ಎಂದು ರಿಮೋಟನ್ನು ಮೇಜಿಗೆ ಕುಟ್ಟುತ್ತಿದ್ದ. "ಕೈ ಎತ್ತಿಸ್ರಿ! ಮಿಷನ್ ಬ್ಯಾಡ, ಕೈ ಎತ್ತಿಸ್ರಿ!" ಎಂದು ಗಂಡಸರ ಕಡೆಯಿಂದ ಕೂಗು ಎದ್ದಿತು.

ಶಿವರಾಜುವಿನ ಮುಖ ಅರಳಿತು. "ಆಯ್ತಪ್ಪ, ಕೈ ಎತ್ತಿಸೋಣ" ಎಂದ. ಕೈ ಎತ್ತಿಸಿದರೆ ಎಷ್ಟು ಕೈ ಕೆಳಗಿಳಿಯುತ್ತವೆ ಎಂಬುದು ಅವನಿಗೆ ಗೊತ್ತು.

ದೇವಿರಮ್ಮನಿಗೂ ಗೊತ್ತು. ಆಕೆ ಕುಂಟುತ್ತ ಮುಂದೆ ಬಂದಳು. ಮುಖ ನೋಡಿದರೆ ಯಾರನ್ನಾದರೂ ಹೊಡೆಯುತ್ತಾಳೆ ಅನ್ನಿಸುತ್ತಿತ್ತು, ಅದರಲ್ಲಿ ಅರ್ಧ ಏಟು ತನಗೇ. ಊರಿಗೆಲ್ಲ ಹಸಿರು ಒತ್ತಿ ಎಂದು ಕಲಿಸಿದ ಬಾಯಿ ಆಕೆಯದೇ ತಾನೆ.

"ಕೈ ಗೀ ಎಲ್ಲ ಬ್ಯಾಡ. ಮಿಷನ್ನೇ ಇರ್ಲಿ" ಎಂದಳು. "ಮಿಷನ್ನು ಏನ್ ಮಾಡೀತು? ಅದ್ರ ಕೈಲಿ ಮಾತಾಡ್ಸಿದೋನು ಕಳ್ಳ. ಲೋ ಮರಿ, ನೀನು ಪರೀಕ್ಸೆ ಮಾಡ್ತೀನಿ ಅಂದಲ್ಲ, ಮಾಡ್ನಿಲ್ಲ. ಈಗ ಮಾಡು. ಕಾಪಿ ವಿಚಾರ ಬ್ಯಾಡ, ಪ್ರಸ್ನೆ ನಾನ್ ಕೇಳ್ತೀನಿ."

ಅಭಿನವ್ ಅಧ್ಯಕ್ಷರ ಮುಖ ನೋಡಿದ. "ಪರೀಕ್ಸೆ ತಾನೆ, ಮಾಡು" ಎಂದು ಶಿವರಾಜು ಕೈ ಬೀಸಿದ. ಜನ ತಣ್ಣಗಾಗಲಿ ಎಂಬ ಲೆಕ್ಕ ಇರಬೇಕು.

ದೇವಿರಮ್ಮ ಮೈಕು ತೆಗೆದುಕೊಂಡಳು. ಗಂಟಲು ಸರಿಮಾಡಿಕೊಂಡು, ಶಿವರಾಜು ಓದಿದ ರಾಗದಲ್ಲೇ, ಇಲ್ಲದ ಹಲ್ಲಿನ ಸಂದಿಯಿಂದ ಗಾಳಿ ಬಿಡುತ್ತ ಹೇಳಿದಳು: "ಸಂಘದ ಅದ್ಯಕ್ಸರಾದ ಸಿವರಾಜಣ್ಣೋರ ಕಾರ್ಯನಿರ್ವಾಣೆಯನ್ನು ಸ್ತಗಿತಗೊಳಿಸೋ ವಿಸಯ. ಅಂದ್ರೆ, ಅದ್ಯಕ್ಸರ ವಿಚಾರ. ಎಲ್ಲ ಗೊತ್ತಿರೋದೇಯ. ಒತ್ರಪ್ಪ."

ಒತ್ತಿದರು. ಕೊಪ್ಪಲಿನವರು ಒತ್ತಿದ್ದರಲ್ಲಿ ಆಶ್ಚರ್ಯವಿಲ್ಲ, ಅವರು ಆಗಲೇ ಪಾಠ ಕಲಿತಿದ್ದರು. ಆಶ್ಚರ್ಯವೆಂದರೆ ಎಡಗಡೆ ಕೂತಿದ್ದ ಶಿವರಾಜುವಿನ ಕಡೆಯವರು. ಹಸಿರು ಗೆರೆ ಮತ್ತೆ ಮೇಲಿನ ಅಂಚು ಮುಟ್ಟಿತು, ಕೆಂಪು ಮತ್ತೆ ನೆಲದಲ್ಲೇ ಮಲಗಿತು.

ಶಿವರಾಜು ಪರದೆ ನೋಡಿದ, ಬಾಮೈದನನ್ನು ನೋಡಿದ. "ಲೇ ಸ್ವಾಮಿ, ನೀನೇನು ಒತ್ದೆ?"

"ಅಸ್ರು ಒತ್ದೆ ಕಣ್ ಭಾವ" ಎಂದ ಸ್ವಾಮಿ, ಮುಗ್ಧನಾಗಿ. "ಎಲ್ಲಾದ್ಕೂ ಅಸ್ರೇ ಒತ್ತು ಅಂದಿದ್ದಲ್ಲ ನೀನು? ನೀನ್ ಓಡು ಅಂತ ಒತ್ದೆ."

ಬಾಗಿನಕಟ್ಟೆಯ ಆ ಮಹಡಿ ಅಂಥ ನಗುವನ್ನು ಮತ್ತೆ ಕಾಣಲಾರದು. ಆದರೆ ದೇವಿರಮ್ಮ ನಗಲಿಲ್ಲ. ಆಕೆಯ ಕತ್ತಿನ ನರ ಇನ್ನೂ ಉಬ್ಬಿಯೇ ಇತ್ತು.

"ಏಳ್ಲಾ ಮ್ಯಾಕೆ" ಎಂದಳು. "ಕುರ್ಚಿ ಬುಡು. ಮಿಷನ್ ಸುಳ್ಳೇಳಾಕಿಲ್ಲ."

"ಚಿಕ್ಕವ್ವ, ಅದು ಪರೀಕ್ಸೆಗೆ..."

"ಅಂಗಾರೆ ಅದೂ ಪರೀಕ್ಸೆಗೇ. ಎರಡೂ ನಿಜ ಅನ್ನು, ಇಲ್ಲ ಎರಡೂ ತಪ್ಪು ಅನ್ನು. ಒಂದು ತಗಂಡು ಒಂದು ಬುಡೋಕೆ ಇದೇನು ನಿನ್ ಮಾವನ ಮನೆ ಅಬ್ಬದೂಟವಾ? ನಿನ್ ಮನೆ ಕಾಯೋಗ! ನಿನ್ ಅವ್ವ ಆಲು ಮಾರಿ ನಿನ್ ಸಾಕವ್ಳೆ ಕಣ್ಲಾ. ಅವ್ಳ ಕೈಗೆ ಒಂದು ದಿನ ನಿಮ್ಮಪ್ಪ ಕಾಸು ಕೊಟ್ಟಿದ್ನಾ, ಏಳು ಈ ಜನದ ಮುಂದೆ. ನಮ್ಮ ಮನೆ ಜಗಲಿ ಮ್ಯಾಲೆ ಕುಂತ್ಕಂಡು ಅಳೋಳು. ನಿಂಗೆ ಗೊತ್ತಿಲ್ವಾ? ಗೊತ್ತಿದ್ದೂ ಇದ್ದೂ ಪ್ರಸ್ನೆ ತಿರುಗ್ಸಿದೆಯಲ್ಲೋ!"

ಆಗ ಯಾರೂ ನಗಲಿಲ್ಲ. ಶಿವರಾಜು ಮೇಜಿನ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ, ಮತ್ತೆ ಮುಚ್ಚಿದ. ಕುಡಿಯಲಿಲ್ಲ. "ಇನ್ನೊಂದು ಸಲ ಆಕ್ಸಪ್ಪ" ಎಂದು ಅಭಿನವ್‌ಗೆ ಹೇಳಿದ. ದೇವಿರಮ್ಮನ ಕೈಯಲ್ಲಿದ್ದ ಮೈಕನ್ನು ಕೇಳಲೇ ಇಲ್ಲ.

ಆ ಸಲ ಪ್ರಶ್ನೆ ದೇವಿರಮ್ಮನದೇ. ಅಭಿನವ್ ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬೆರಳಚ್ಚು ಮಾಡಿ ಪರದೆಗೆ ಹಾಕಿದ. ಓದು ಬಾರದವರಿಗಾಗಿ ಆಕೆ ಮೈಕಿನಲ್ಲೂ ಕೂಗಿದಳು: "ಕೊಪ್ಪಲ ಡೈರಿ ಓಡ್ಲಿ ಅನ್ನೋರು ಅಸ್ರು. ನಿಂತೋಗ್ಲಿ ಅನ್ನೋರು ಕೆಂಪು. ಕೇಳುಸ್ತಾ? ಸಿವರಾಜ, ನೀನೂ ಒಂದ್ಸಲ ಬಾಯಲ್ಲಿ ಏಳು. ನಿನ್ನ ಕಡೆಯೋರ್ಗೂ ಮೋಸ ಆಗ್ಬಾರ್ದು." ಶಿವರಾಜು ಹೇಳಿದ. ಕೆಂಪು ಒತ್ತಿ ಎಂದು ತನ್ನ ಕಡೆಯವರಿಗೆ ತಾನೇ ಬಿಡಿಸಿ ಹೇಳಿದ. ಸೋಲಲಿ ಗೆಲ್ಲಲಿ, ಎದುರಾಳಿಯ ಸರಕಿಗೂ ಸರಿಯಾದ ತೂಕ ಹಾಕಿಸಿದ ವ್ಯಾಪಾರಿಯನ್ನು ನಾನು ಮಳವಳ್ಳಿ ಸಂತೆಯಲ್ಲೂ ಕಂಡಿಲ್ಲ, ಮದ್ದೂರಿನಲ್ಲೂ ಕಂಡಿಲ್ಲ.

ಒತ್ತುವ ಮೊದಲು ಆಕೆ ಇನ್ನೊಂದು ಕೆಲಸ ಮಾಡಿದಳು. ಗಂಡಸರನ್ನೆಲ್ಲ ಎಬ್ಬಿಸಿ ಆಚೆ ಗೋಡೆಗೆ ಕಳಿಸಿದಳು. "ಬೋರಣ್ಣ, ನೀನು ಮೊದ್ಲು ಓಗು. ನಿನ್ ಕೈ ಬಲ್ ಉದ್ದ."

ಈ ಸಲ ಎರಡೂ ಗೆರೆ ಎದ್ದವು. ಕೆಂಪೇನೂ ಸಣ್ಣದಿರಲಿಲ್ಲ. ಮೇಲಿನ ಊರಿನವರಲ್ಲಿ ಖರ್ಚು ಉಳಿಯಲಿ ಎಂದು ನಿಜವಾಗಿ ನಂಬಿದವರೂ ಇದ್ದರು, ಕೊಪ್ಪಲಿನ ಗಂಡಸರಲ್ಲೇ ಕ್ಯಾನು ತಮ್ಮ ಬೈಕಿಗೆ ಬರಲಿ ಎಂದು ಆಸೆಪಟ್ಟವರೂ ಇದ್ದರು. ಪುಟ್ಟರಾಜು ಯಾವುದನ್ನು ಒತ್ತಿದ ಎಂದು ನಾನು ಕೇಳಲಿಲ್ಲ, ಅವನ ಅವ್ವನೂ ಕೇಳಿಲ್ಲ. ಎರಡು ಗೆರೆ ಕೆಲವು ಕ್ಷಣ ಜೋಡೆತ್ತಿನಂತೆ ಒಟ್ಟಿಗೇ ಏರಿದವು. ನನ್ನ ಕತ್ತಿನ ಹಾರ ಬೆವರಿಗೆ ಅಂಟಿತ್ತು. ಆಮೇಲೆ ಹೆಂಗಸರ ಕಡೆಯ ಕೊನೆಯ ಬೆರಳುಗಳು ಬಿದ್ದವು, ಹಸಿರು ಒಂದು ಗೇಣು ಮುಂದೆ ಹೋಗಿ ನಿಂತಿತು.

ಕೊಪ್ಪಲ ಡೈರಿ ಓಡಿತು.

ಆಗಲಾದರೂ ದೇವಿರಮ್ಮ ನಗುತ್ತಾಳೆ ಎಂದುಕೊಂಡೆ. ಆಕೆ ತನ್ನವರ ಕಡೆ ತಿರುಗಿದಳು. "ಏನ್ ಅಲ್ಲು ಕಿರೀತೀರಿ? ಮುಚ್ಚಿ ಅಂತ ಒತ್ತಿ ಸಿಳ್ಳೆ ಒಡುದ್ರಲ್ಲ, ನಾಚ್ಕೆ ಆಗಾಕಿಲ್ವಾ? ನಾನೂ ಸೇರ್ಕಂಡೇ ಏಳ್ತಾವ್ನಿ. ಅವನು ಓದ್ದಾಗ ಏನ್ಲಾ ಅಂಗಂದ್ರೆ ಅಂತ ಒಬ್ರಾದ್ರೂ ಕೇಳುದ್ವಾ? ಓಗಿ, ಉಣ್ಣೋಗಿ. ಅದೂ ನಮ್ಮ ಆಲಿನ ದುಡ್ಡೇ." ತಾನು ಊಟಕ್ಕೆ ಕೂರಲಿಲ್ಲ. ಹಸುವಿಗೆ ನೀರಿಟ್ಟಿಲ್ಲ ಎಂದು ದಿಣ್ಣೆ ಇಳಿದು ಹೊರಟೇಹೋದಳು. ನನ್ನ ಮೈಸೂರುಪಾಕನ್ನು ಶಿವರಾಜುವಿನ ಕಡೆಯವರೇ ಹೆಚ್ಚಾಗಿ ತಿಂದರು, ದಾನಕ್ಕೆ ಪಕ್ಷಭೇದವಿಲ್ಲ.

ಬೋರಯ್ಯ ಈಗಲೂ ಸೋಮಮ್ಮನನ್ನು ಕೇಳುತ್ತಾನಂತೆ, ಅವತ್ತು ಏನು ಒತ್ತಿದೆ ಎಂದು. "ರಿಮೋಟ್ನ ಕೇಳು" ಎನ್ನುತ್ತಾಳಂತೆ ಸೋಮಮ್ಮ. ಡಾಬಾ ಸ್ವಾಮಿ ಹಲಗೂರಿನ ಹತ್ತಿರ ಬೇರೆ ಜಾಗ ನೋಡಿದ್ದಾನೆ. ಶಿವರಾಜು ಇನ್ನೂ ಅಧ್ಯಕ್ಷನೇ. ಸಭೆಯಲ್ಲಿ ಏನನ್ನಾದರೂ ಓದುವಾಗ ಈಗ ಒಂದೊಂದು ವಾಕ್ಯಕ್ಕೂ ನಿಲ್ಲುತ್ತಾನೆ, ಯಾಕೆಂದರೆ ಹೆಂಗಸರ ಸಾಲಿನಿಂದ "ಅಂಗಂದ್ರೆ?" ಎಂಬ ಪ್ರಶ್ನೆ ಬರುತ್ತದೆ. ಮೊದಲು ಒಂದೇ ದನಿಯಿತ್ತು, ಈಗ ಯಾರದೆಂದು ಗುರುತಿಸುವುದು ಕಷ್ಟ.

ಸಭೆಯ ಮಾರನೆಯ ಬೆಳಿಗ್ಗೆ ದೇವಿರಮ್ಮ ಹಾಲು ಅಳೆಸಿ ರಸ್ತೆ ದಾಟಿ ಬಂದಳು. ಮೂಟೆಗೆ ಕೈ ಇಳಿಬಿಟ್ಟು, ತಳದ ಹಿಂಡಿ ಮೂಸಿ, ಮುಖ ಸಿಂಡರಿಸಿದಳು. ನಾನು ಸಮಯ ನೋಡಿ, "ನಿನ್ನೆ ಬಹಳ ಉಪಕಾರ ಆಯ್ತು ದೇವಿರಮ್ಮ" ಎಂದೆ.

"ನಿಮ್ಗೋಸ್ಕರ ಮಾಡುದ್ನಾ?" ಎಂದಳು. "ಮುಗ್ಗಲು ವಾಸ್ನೆ ಒಡೀತದೆ ಇದು. ಬ್ಯಾರೆ ಮೂಟೆ ಬಿಚ್ಚಿ."

ಬೇರೆ ಮೂಟೆ ಬಿಚ್ಚಿದೆ. ನನಗಾಗಿ ಮಾಡಿದ್ದಲ್ಲ, ನಿಜ. ಆದರೂ ಆ ಸಭೆಯಲ್ಲಿ ಓಟಿಲ್ಲದೆ ಹಾರ ಹಾಕಿಕೊಂಡು ಕೂತಿದ್ದವನ ಅಂಗಡಿ ಇವತ್ತು ಬಾಗಿಲು ತೆರೆದಿದೆ. ಅದಕ್ಕೆ ನಾನು ದೇವಿರಮ್ಮನಿಗೆ ಋಣಿ.